ಸಹಿ ನನ್ನದೂ ಇದೆ ಅಲ್ವಾ

ನಾನು, ನನ್ನ ಗಂಡ ಬೇರೆಯಾಗಿ ಮೊನ್ನೆ ಯುಗಾದಿಗೆ ಒಂದು ವರ್ಷ ಆಯಿತು. ನಾನು, ಮಗಳು ದಾವಣಗೆರೆಯ ನಿಟುವಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆ 6,500. ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಬರುವ ಸಂಬಳ 26,000. ಯಾಕೆ ಬೇರೆಯಾದೆವು ಅನ್ನೋದು ಇಲ್ಲಿ ಬೇಡ. ಸಾಲದ ವಿಷಯ ಮಾತ್ರ ಬರೆಯುತ್ತೇನೆ. ಆ ದಿನಗಳಲ್ಲಿ ಇದನ್ನು ನನಗೆ ಬಿಡಿಸಿ ಹೇಳುವವರು ಯಾರೂ ಇರಲಿಲ್ಲ.

ಮೊದಲ ಮೂರು ತಿಂಗಳು ಏನೂ ಮಾಡಲಿಲ್ಲ. ಹೊಸ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತಿತ್ತು, ತಿರುಗಿಸಿ ಇಡುತ್ತಿದ್ದೆ. ಒಂದು ಭಾನುವಾರ ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಎಲ್ಲಾ ಬರೆದೆ. ಕ್ರೆಡಿಟ್ ಕಾರ್ಡಿನದು 78,000. ಅವರ ಅಂಗಡಿಗೆ ಅಂತ ನಾನೇ ತಂದುಕೊಟ್ಟ ಕೈಸಾಲ 60,000, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಮಹಿಳಾ ಸಂಘದ್ದು 32,000. ಇಬ್ಬರ ಹೆಸರಿನಲ್ಲಿ ತೆಗೆದ ಪರ್ಸನಲ್ ಲೋನ್, ಅದರಲ್ಲಿ ಬಾಕಿ 3,10,000.

ನಮ್ಮ ಹೆಸರಿನ ಸಾಲ, ಕಂತುಗಳ ದಾಖಲೆ ಇರುವ ಸಿಬಿಲ್ ರಿಪೋರ್ಟ್ ವರ್ಷಕ್ಕೊಂದು ಪುಕ್ಕಟೆ ಸಿಗುತ್ತದೆ. ಸಿಬಿಲ್ ಅಷ್ಟೇ ಅಲ್ಲ, ಅದೇ ಕೆಲಸ ಮಾಡುವ ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್ ಕಂಪನಿಗಳೂ ಕೊಡಬೇಕು. ತೆಗೆಸಿ ನೋಡಿದರೆ ಜಂಟಿ ಸಾಲದ ಎರಡು ಕಂತು ತಪ್ಪಿದ್ದು ನನ್ನ ಹೆಸರಿನ ಕೆಳಗೂ ಬಿದ್ದಿತ್ತು. ಆ ಸಾಲ ಅವರೇ ಕಟ್ಟಬೇಕು ಅಂತ ಹಿರಿಯರ ಮುಂದೆ ಸ್ಟಾಂಪ್ ಪೇಪರಿನಲ್ಲಿ ಬರೆಸಿದ್ದೆವು. ಅದನ್ನೇ ಹಿಡಿದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಪೂರ್ತಿ ಓದಿ ಮಡಚಿ ವಾಪಸ್ ಕೊಟ್ಟರು. "ಇದು ನಿಮ್ಮಿಬ್ಬರ ನಡುವಿನ ಮಾತು ಮೇಡಂ. ನಮ್ಮ ಕಾಗದದಲ್ಲಿ ಇಬ್ಬರದೂ ಸಹಿ ಇದೆ. ಅವರು ಕಟ್ಟಲಿಲ್ಲ ಅಂದರೆ ನಿಮ್ಮನ್ನೇ ಕೇಳುತ್ತೇವೆ" ಅಂದರು. ಹೊರಗೆ ಬಂದು ಬಹಳ ಹೊತ್ತು ಬಸ್‌ಸ್ಟಾಪಿನಲ್ಲಿ ಕೂತಿದ್ದೆ.

ಕಾರ್ಡಿನದು ಇನ್ನೊಂದು ಕಥೆ. ನನ್ನ ಕಾರ್ಡಿನ ಮೇಲೆ ಅವರಿಗೊಂದು ಆಡ್-ಆನ್ ಕಾರ್ಡ್ ಕೊಡಿಸಿದ್ದೆ. ಬೇರೆಯಾದ ಮೇಲೂ ಅದು ಓಡುತ್ತಲೇ ಇತ್ತು. ಅದರಲ್ಲಿ ಯಾರೇ ಉಜ್ಜಲಿ, ಕಟ್ಟಬೇಕಾದವರು ಮೂಲ ಕಾರ್ಡಿನವರೇ. ಫೋನ್ ಮಾಡಿ ಅವತ್ತೇ ನಿಲ್ಲಿಸಿದೆ. ದಯವಿಟ್ಟು ಈ ಕೆಲಸ ಮೊದಲು ಮಾಡಿ. ಉಳಿದದ್ದೆಲ್ಲ ಆಮೇಲೆ.

ಆಮೇಲೆ ಬಡ್ಡಿ ಲೆಕ್ಕ ಹಾಕಿದೆ. ಕಾರ್ಡಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ, ಆ ಬಡ್ಡಿಯ ಮೇಲೆ ಜಿಎಸ್‌ಟಿ 18. ಅಂದರೆ 3,200 ಚಿಲ್ಲರೆ. ಕೈಸಾಲಕ್ಕೆ 1,800. ಎರಡೂ ಸೇರಿ ತಿಂಗಳಿಗೆ 5,000 ಬರೀ ಬಡ್ಡಿ! ಕಾರ್ಡಿನ ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತ, ಅಂದರೆ ಮಿನಿಮಮ್ ಡ್ಯೂ ಕಟ್ಟಿದರೆ ಸಾಕು ಅಂತ ತಿಂಗಳುಗಟ್ಟಲೆ ಕಟ್ಟಿದ್ದೆ. ಅಸಲು ಕರಗಿದ್ದೇ ಇಲ್ಲ.

ನನ್ನ ಹತ್ತಿರ ಉಳಿದಿದ್ದು ಮದುವೆಯಲ್ಲಿ ಅವ್ವ ಹಾಕಿದ ಅವಲಕ್ಕಿ ಸರ. ತವರಿನ ಬಂಗಾರ ಸ್ತ್ರೀಧನ, ಅದು ನಂದೇ. ಅಡ ಇಡ್ತೀನಿ ಅಂದಾಗ ಅವ್ವ, "ಅದೊಂದಾದ್ರೂ ಕೊರಳಾಗಿರ್ಲಿ ಬಿಡೇ" ಅಂತ ಅತ್ತಳು. ಮಾರ್ತಾ ಇಲ್ಲವ್ವ, ಬಿಡಿಸಿಕೊಂಡು ಬರ್ತೀನಿ ಅಂದೆ. ಬ್ಯಾಂಕಿನಲ್ಲಿ ಬಂಗಾರ ಪರೀಕ್ಷೆ ಮಾಡುವವರು ಸರದ ತುದಿಯನ್ನು ಒರೆಗಲ್ಲಿಗೆ ತಿಕ್ಕಿದರು. ಹಳದಿ ಗೆರೆ ಮೂಡಿತು, ಅದರ ಮೇಲೊಂದು ಹನಿ ಆಸಿಡ್ ಬಿಟ್ಟರು. ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ. ಗೆರೆ ಹಾಗೇ ಉಳಿಯಿತು. ಪದಕದ ಹರಳಿನ ತೂಕ ಕಳೆದು 42 ಗ್ರಾಂನಲ್ಲಿ 38 ಹಿಡಿದರು. ಇನ್ನೂ ಜಾಸ್ತಿ ಸಿಗುತ್ತಿತ್ತು, ನಾನು ಬೇಕಾದಷ್ಟೇ ತೆಗೆದುಕೊಂಡೆ. 1,38,000, ವರ್ಷಕ್ಕೆ ಒಂಬತ್ತೂವರೆ ಬಡ್ಡಿ, 24 ಕಂತು.

ಅದೇ ದಿನ ಕಾರ್ಡಿನ ಬಾಕಿ ಪೂರ್ತಿ ಕಟ್ಟಿದೆ. ಸಂಜೆ ಕೈಸಾಲ ಕೊಟ್ಟವರ ಮನೆಗೆ ತಮ್ಮನನ್ನು ಕರೆದುಕೊಂಡು ಹೋದೆ. ದುಡ್ಡು ಎಣಿಸಿ ಕೊಟ್ಟು, ಸಾಲ ಬರೆದುಕೊಟ್ಟ ಪ್ರೋನೋಟು ಮತ್ತು ನಾನು ಸಹಿ ಮಾಡಿ ಕೊಟ್ಟಿದ್ದ ಖಾಲಿ ಚೆಕ್ಕು ಎರಡನ್ನೂ ಇಸಿದುಕೊಂಡೆ. ಚೆಕ್ಕು ಆಮೇಲೆ ಕೊಡ್ತೀನಿ ಅಂದರು. ನನ್ನ ತಮ್ಮ ಜಗಲಿಯಿಂದ ಏಳಲಿಲ್ಲ. ಒಳಗಿಂದ ತಂದುಕೊಟ್ಟರು.

ಈಗ ಬಂಗಾರದ ಸಾಲದ ಕಂತು 6,350ರ ಸುತ್ತ. ಸಂಘದ ಸಾಲ ಮಾತ್ರ ಹಾಗೇ ಬಿಟ್ಟೆ. ಬಡ್ಡಿ ಕಮ್ಮಿ. ಕಷ್ಟ ಅಂದಾಗ ಎರಡು ವಾರ ನನ್ನ ಪಾಲು ತುಂಬಿದ ಹೆಂಗಸರು ಅವರು. ಆ ಲೆಕ್ಕ ವಾರವಾರ ಅವರ ಕಣ್ಣೆದುರೇ ತೀರಲಿ ಅನ್ನಿಸಿತು.

ಒಂದು ಮಾತು ಬಿಟ್ಟೆ. ಜಂಟಿ ಸಾಲದ ಕಂತು ತಪ್ಪಿದಾಗ ವಸೂಲಿಯವರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದರು. ಮಗಳು ಪುಸ್ತಕ ಮುಚ್ಚಿ ನನ್ನ ಮುಖ ನೋಡುತ್ತಿದ್ದಳು. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಯಾವ ದಿನ, ಎಷ್ಟು ಗಂಟೆಗೆ ಫೋನ್ ಬಂತು ಅಂತ ಬರೆದು ಬ್ಯಾಂಕಿಗೆ ದೂರು ಕೊಟ್ಟೆ. ರಾತ್ರಿ ಫೋನ್ ನಿಂತವು.

ಆ ಎರಡು ಕಂತನ್ನು ನನ್ನ ಗಂಡ ಕೊನೆಗೆ ಕಟ್ಟಿದ್ದಾರೆ. ಆದರೆ ನನ್ನ ಸಹಿ ಇನ್ನೂ ಅಲ್ಲೇ ಇದೆ. ಅವರ ಅಣ್ಣ ಜೊತೆಗೆ ನಿಂತು ಹೊಸ ಸಾಲ ತೆಗೆಸಿ ಇದನ್ನು ಮುಗಿಸುತ್ತೇವೆ ಅಂದಿದ್ದಾರೆ. ಮುಂದಿನ ಸೋಮವಾರ ಬ್ಯಾಂಕಿಗೆ ಬರುತ್ತಾರಂತೆ. ನಾನೂ ರಜೆ ಹಾಕಿದ್ದೇನೆ. ಸಾಲ ತೀರಿದೆ ಅನ್ನುವ ಪತ್ರ ನನ್ನ ಕೈಗೇ ಕೊಡಬೇಕು ಅಂತ ಹೇಳಿ ಬಂದಿದ್ದೇನೆ.