ಕಡಲ ಮುಖದ ಕಿಟಕಿ: ಮೊದಲು ನೀರು, ಆಮೇಲೆ ಬಟ್ಟೆ

ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿ ಗ್ರಾಂಡ್ ಪ್ಲಾಜ್ ಕಡಲದಂಡೆಗೆ ಅಂಟಿಕೊಂಡೇ ಓಟೆಲ್ ಡ್ಯು ಪಾಲೇ ಎಂಬ ಹೋಟೆಲ್ ನಿಂತಿದೆ. ಮೂರನೇ ನೆಪೋಲಿಯನ್ ತನ್ನ ಮಡದಿ ಯುಜೆನಿಗಾಗಿ 1850ರ ದಶಕದಲ್ಲಿ ಕಟ್ಟಿಸಿದ ಬೇಸಿಗೆಮನೆ ಅದು. 1903ರ ಬೆಂಕಿಯ ನಂತರ ಮತ್ತೆ ಕಟ್ಟಿದರು. ಇಂಥ ಕಡೆ ಅತಿಥಿ ದುಡ್ಡು ಕೊಡುವುದೇ ಕಿಟಕಿಯಾಚೆಯ ಅಟ್ಲಾಂಟಿಕ್‌ಗೆ. ಆದ್ದರಿಂದ ಕಡಲಂಚಿನ ಹೋಟೆಲಿನ ಹೌಸ್‌ಕೀಪಿಂಗ್‌ನಲ್ಲಿ ಹಾಸಿಗೆಗಿಂತ ಮೊದಲು ಕಲಿಯಬೇಕಾದ್ದು ಗಾಜು.

ಅಲೆಯ ತುಂತುರು ಗಾಜಿನ ಮೇಲೆ ಒಣಗಿ ಉಪ್ಪಾಗುತ್ತದೆ, ಅದರಲ್ಲಿ ದಂಡೆಯ ಮರಳೂ ಸಿಕ್ಕಿಕೊಂಡಿರುತ್ತದೆ. ಹೊಸಬರು ಸ್ಪ್ರೇ ಹೊಡೆದು ನೇರ ಬಟ್ಟೆಯಲ್ಲಿ ತಿಕ್ಕುತ್ತಾರೆ. ಗೀರು ಬೀಳುವುದು ಮರಳಿನಿಂದ. ಉಪ್ಪು ಗಾಜಿಗಿಂತ ಮೆತ್ತಗೆ. ಆದರೆ ಬಟ್ಟೆ ಆ ಉಪ್ಪನ್ನು ತೆಗೆಯದೆ ಗಾಜಿನ ತುಂಬ ಸವರುತ್ತದೆ. ಗಾಳಿಯ ತೇವ ಶೇ. 75 ದಾಟಿದೊಡನೆ ಉಪ್ಪು ನೀರು ಹೀರಿ ಕರಗುತ್ತದೆ, ಬೆಳಿಗ್ಗೆ ಒರೆಸಿದ ಗಾಜು ಸಂಜೆಗೆ ಮತ್ತೆ ಮಬ್ಬು.

ಮೊದಲು ಚೌಕಟ್ಟು, ಆಮೇಲೆ ಗಾಜು. ಮೇಲಿನಿಂದ ಕೆಳಕ್ಕೆ ಬರೀ ಸಿಹಿನೀರು ಹರಿಸಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಅನಂತರವೇ ಸೋಪು: 10 ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಸಾಕು, ಹೆಚ್ಚಾದರೆ ಗೆರೆ ಉಳಿಯುತ್ತದೆ. ರಬ್ಬರ್ ವೈಪರ್‌ನಲ್ಲಿ ಎಳೆದು, ಪ್ರತಿ ಎಳೆತಕ್ಕೂ ರಬ್ಬರ್ ಒರೆಸಿಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿದ ಕಿಟಕಿಗಳನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಬಿಸಿಲಿಗೆ ಸೋಪು ಗಾಜಿನ ಮೇಲೇ ಒಣಗುತ್ತದೆ.

ಎಲ್ಲರೂ ಮರೆಯುವುದು ಚೌಕಟ್ಟಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳನ್ನು. ಮರಳು ಕಟ್ಟಿದರೆ ಬಿರುಗಾಳಿಯ ರಾತ್ರಿ ನೀರು ಒಳಕ್ಕೆ ತಿರುಗಿ, ಮರದ ನೆಲಹಾಸು ಉಬ್ಬುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿ, ಒಂದು ಲೋಟ ನೀರು ಹೊಯ್ದು ಹೊರಗೆ ಬರುವುದನ್ನು ಕಣ್ಣಾರೆ ನೋಡಿ.

ಬಾಲ್ಕನಿ ಕಂಬಿ 304 ದರ್ಜೆಯ ಸ್ಟೀಲಾದರೆ ಕಂದು ಕಲೆ ಬೇಗ ಏಳುತ್ತದೆ. 316ರಲ್ಲಿ ಶೇ. 2ರಿಂದ 3 ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ತಾಳಿಕೆ ಹೆಚ್ಚು, ಆದರೂ ಸಿಹಿನೀರು ತಪ್ಪಿಸುವಂತಿಲ್ಲ. ಬ್ಲೀಚ್ ಬೇಡವೇ ಬೇಡ, ಅದರ ಕ್ಲೋರಿನ್ ಸ್ಟೀಲನ್ನು ಚುಕ್ಕಿಚುಕ್ಕಿಯಾಗಿ ತಿನ್ನುತ್ತದೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರು ಕಂಬಿಯಲ್ಲೇ ಉಳಿದು ತುಕ್ಕು ಹಿಡಿಯುತ್ತದೆ. ಮಲ್ಪೆ, ಪಣಂಬೂರಿನ ಉಪ್ಪುಗಾಳಿಗೂ ಇದೇ ಮಾತು.

ಹಿತ್ತಾಳೆ ಹಿಡಿಗೆ ಲ್ಯಾಕರ್ (ಪಾರದರ್ಶಕ ಮೆರುಗಿನ ಲೇಪ) ಇದೆಯೇ ಎಂದು ಮೊದಲು ನೋಡಿ. ಇದ್ದರೆ ಸೋಪುನೀರು, ಒಣಬಟ್ಟೆ ಅಷ್ಟೇ. ಪಾಲಿಶ್ ಲ್ಯಾಕರನ್ನು ಸವೆಸಿ ಅಲ್ಲಲ್ಲಿ ಕಪ್ಪಾಗಿಸುತ್ತದೆ. ಇಲ್ಲದಿದ್ದರೆ ಪಾಲಿಶ್ ಮಾಡಿ ತೆಳುವಾಗಿ ಮೇಣ ಸವರಿ.

ಬಿರುಗಾಳಿಯ ಮರುದಿನ ಮಾತ್ರ ಕೆಲಸದ ಪಟ್ಟಿ ಬದಲಾಗಬೇಕು: ಖಾಲಿಯಾದ ಕೋಣೆಗಳ ಕೆಲಸಕ್ಕೂ ಮೊದಲು ಕಡಲ ಬದಿಯ ಗಾಜು, ಕಂಬಿ, ಕೀಲುಗಳಿಗೆ ಸಿಹಿನೀರು.