ಏಳನೇ ಫೋಟೋದಲ್ಲಿ ನಾಲ್ಕು ಗೂಟ

ನವೆಂಬರ್ ಮಧ್ಯದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಕಾಡಿಗೆ ಇಳಿಯುವುದಾದರೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಬೇಕು. ಜಿಂಕೆ ಬೇಟೆಯ ಕಾಲ. ನಾನು ಜಿಂಕೆಯಲ್ಲ ಅಂತ ಬಂದೂಕು ಹಿಡಿದವರಿಗೆ ದೂರದಿಂದಲೇ ಗೊತ್ತಾಗಬೇಕು, ಅಷ್ಟೇ. ಮೇಪಲ್ ಎಲೆಯ ಬಣ್ಣ ನೋಡಲು ಬಂದಿದ್ದ ಪ್ರವಾಸಿಗಳೆಲ್ಲ ಈ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾರೆ. ಎಲೆ ಉದುರಿ ಮರದಲ್ಲಿ ಬರೀ ಕಡ್ಡಿ. ಇಲ್ಲಿಯವರು ಇದನ್ನು ‘ಸ್ಟಿಕ್ ಸೀಸನ್’ ಅಂತಲೇ ಕರೆಯುತ್ತಾರೆ. ನನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಯಾರು ಎಲ್ಲಿ ಶೆಡ್ ಎಬ್ಬಿಸಿದ್ದಾರೆ, ಎಲ್ಲಿ ಹಳೇ ಟೈರು ಸುರಿದಿದ್ದಾರೆ, ಎಲ್ಲಾ ಕಣ್ಣಿಗೆ ಬೀಳುತ್ತದೆ.

ನಾನು ಮಾಡುವ ಕೆಲಸ ಏನು ಅಂತ ಶಿರಸಿಯಲ್ಲಿರುವ ಅಪ್ಪನಿಗೆ ಆರು ವರ್ಷದಿಂದ ವಿವರಿಸುತ್ತಾ ಬಂದಿದ್ದೇನೆ. ಇನ್ನೂ ಪೂರ್ತಿ ಒಪ್ಪಿಲ್ಲ. ‘ಈಸ್‌ಮೆಂಟ್’ ಅನ್ನುವ ಪದ ಅವನಿಗೆ ಹೊಸದೇನಲ್ಲ. ನಮ್ಮ ಕಡೆ ಈಸ್‌ಮೆಂಟ್ ಅಂದರೆ ದಾರಿ ಜಗಳ. ಪಕ್ಕದವನು ದಣಪೆ ಹಾಕಿದ, ಗಾಡಿ ಬಿಡಲಿಲ್ಲ, ಕೋರ್ಟಿಗೆ ಹೋದರು. 1882ರ ಕಾಯ್ದೆ ಹಿಡಿದು ವಕೀಲರು ಇವತ್ತಿಗೂ ವಾದ ಮಾಡುತ್ತಾರೆ. ಇಲ್ಲಿಯ ಕನ್ಸರ್ವೇಶನ್ ಈಸ್‌ಮೆಂಟ್ ಬೇರೆ ಥರ. ಜಮೀನು ರೈತನದ್ದೇ. ಉಳಬಹುದು, ಮರ ಕಡಿಯಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ತುಂಡು ಮಾಡಿ ಸೈಟ್ ಹಾಕುವ ಹಕ್ಕು, ಬೇಕಾದಲ್ಲಿ ಮನೆ ಎಬ್ಬಿಸುವ ಹಕ್ಕು, ಇಂಥವನ್ನು ಮಾತ್ರ ಒಂದು ಸಂಸ್ಥೆಗೆ ಬರೆದು ಕೊಡುತ್ತಾನೆ. ಪಡೆದುಕೊಂಡ ಸಂಸ್ಥೆ ಆ ಹಕ್ಕನ್ನು ತಾನೂ ಬಳಸುವುದಿಲ್ಲ, ಬೇರೆಯವರು ಬಳಸದಂತೆ ಕಾಯುತ್ತದೆ. ಪತ್ರ ಟೌನ್ ಕ್ಲರ್ಕ್ ಕಚೇರಿಯಲ್ಲಿ ದಾಖಲಾಗುತ್ತದೆ. ಆಮೇಲೆ ಜಮೀನು ಯಾರ ಕೈಗೆ ಹೋದರೂ ಷರತ್ತು ಜೊತೆಗೇ ಹೋಗುತ್ತದೆ. ಎಷ್ಟು ವರ್ಷ? ಶಾಶ್ವತವಾಗಿ.

ಆ ‘ಶಾಶ್ವತ’ವನ್ನು ವರ್ಷಕ್ಕೊಮ್ಮೆ ನಡೆದು ನೋಡಿ ಬರುವವರು ನಮ್ಮಂಥವರು. ಈಸ್‌ಮೆಂಟ್ ಮಾಡುವಾಗಲೇ ಒಂದಿಷ್ಟು ದುಡ್ಡು ತೆಗೆದಿಡುತ್ತಾರೆ. ಅದರ ಆದಾಯದಲ್ಲಿ ನನ್ನ ಸಂಬಳ, ಪೆಟ್ರೋಲು, ಮುಂದೆ ಬೇಕಾದರೆ ವಕೀಲರ ಫೀಸು.

ಆ ದಿನ ಹೋಗಿದ್ದು ರಾಜ್ಯದ ಈಶಾನ್ಯ ಮೂಲೆಗೆ. ನಾರ್ತ್‌ಈಸ್ಟ್ ಕಿಂಗ್‌ಡಮ್ ಅಂತ ಕರೆಯುವ ಕಡೆ. ಕೆನಡಾ ಗಡಿ ಹತ್ತಿರ. 190 ಎಕರೆ. ಯಜಮಾನರಿಗೆ 81 ವರ್ಷ. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜ ಅಂತಲೇ ಕರೆಯುವುದು. 1994ರಲ್ಲಿ ಈಸ್‌ಮೆಂಟ್ ಮಾರಿದ್ದರು. ಸೈಟ್ ಮಾಡಬಹುದಾದ ಜಮೀನಿಗೆ ಎಷ್ಟು ಬೆಲೆ, ಮಾಡಲಾಗದ ಅದೇ ಜಮೀನಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ನಡುವಿನ ಅಂತರವೇ ಈಸ್‌ಮೆಂಟಿನ ಬೆಲೆ. ಕೆಲವರು ಅದನ್ನು ದಾನ ಮಾಡಿ ತೆರಿಗೆಯಲ್ಲಿ ವಿನಾಯಿತಿ ತೆಗೆದುಕೊಳ್ಳುತ್ತಾರೆ. ಅಜ್ಜನಿಗೆ ದಾನ ಮಾಡುವ ಪುರುಸೊತ್ತು ಇರಲಿಲ್ಲ. ಇಬ್ಬರು ಅಣ್ಣಂದಿರ ಹಿಸ್ಸೆ ಬಿಡಿಸಿಕೊಳ್ಳಬೇಕಿತ್ತು. 1987ರಲ್ಲಿ ಶುರುವಾದ ವರ್ಮಾಂಟ್ ಹೌಸಿಂಗ್ ಅಂಡ್ ಕನ್ಸರ್ವೇಶನ್ ಬೋರ್ಡ್ ದುಡ್ಡು ಕೊಟ್ಟಿತು. ಬಡವರ ಮನೆಗೂ ರೈತರ ಜಮೀನಿಗೂ ಒಂದೇ ಬೋರ್ಡು. ಆ ದಿನ ಸಂಜೆಯ ಹೊತ್ತಿಗೆ ಅದು ನನಗೆ ಸ್ವಲ್ಪ ಚುಚ್ಚಿತು, ಅದನ್ನು ಆಮೇಲೆ ಹೇಳುತ್ತೇನೆ.

ಅಜ್ಜನಿಗೂ ನನಗೂ ಸ್ನೇಹ ಆಗಿದ್ದು ಬೆಲ್ಲದಿಂದ. ಮಾರ್ಚ್‌ನಲ್ಲಿ ಮೇಪಲ್ ಮರಕ್ಕೆ ತೂತು ಕೊರೆದು, ರಸ ಇಳಿಸಿ, ಕಾಯಿಸಿ ಸಿರಪ್ ಮಾಡುತ್ತಾರೆ. ಒಂದು ಗ್ಯಾಲನ್ ಸಿರಪ್ಪಿಗೆ ಸುಮಾರು 40 ಗ್ಯಾಲನ್ ರಸ ಬೇಕು. ಅವರ ಆ ಕಾಯಿಸುವ ಮನೆಗೆ ಮೊದಲ ಸಲ ಹೋದಾಗ ಹಬೆ, ಒಲೆ, ಸಿಹಿ ವಾಸನೆ ನೋಡಿ ನನಗೆ ಆಲೆಮನೆ ನೆನಪಾಗಿ ಕಣ್ಣು ಒದ್ದೆ ಆಗಿತ್ತು. ಮುಂದಿನ ವರ್ಷ ಊರಿಂದ ಒಂದು ಬಾಟಲಿ ಜೋನಿಬೆಲ್ಲ ತಂದು ಕೊಟ್ಟೆ. ಬೆರಳಲ್ಲಿ ನೆಕ್ಕಿ, ‘ಇದು ಯಾವ ಮರದ್ದು?’ ಅಂತ ಕೇಳಿದರು. ‘ಮರದ್ದಲ್ಲ, ಹುಲ್ಲಿನದ್ದು’ ಅಂದೆ. ಕಬ್ಬು ಹುಲ್ಲಿನ ಜಾತಿ ತಾನೇ. ಅವತ್ತಿಂದ ಊರಿನ ಎಲ್ಲರಿಗೂ ‘ಇವಳ ಊರಲ್ಲಿ ಹುಲ್ಲಿಂದ ಸಿರಪ್ ತೆಗೆಯುತ್ತಾರಂತೆ’ ಅಂತ ಹೇಳಿಕೊಂಡು ಬಂದರು.

ಬೆಳಿಗ್ಗೆ ಅವರು ಜೊತೆಗೆ ಬರಲಿಲ್ಲ. ಮಂಡಿ ನೋವು ಅಂದರು. ಕಾಫಿ ಕುಡಿದು ಒಬ್ಬಳೇ ಹೊರಟೆ. ಬೆನ್ನಿಗೆ ಕಟ್ಟಿದ ಚೀಲದಲ್ಲಿ ನಕ್ಷೆ, ಜಿಪಿಎಸ್, ಮತ್ತೆ 1994ರ ಬೇಸ್‌ಲೈನ್ ಫೈಲಿನ ಪ್ರತಿ. ಸಹಿಯಾದ ದಿನಗಳಲ್ಲಿ ಜಮೀನು ಹೇಗಿತ್ತು ಅನ್ನುವುದರ ಸಾಕ್ಷಿ ಅದು. ಹನ್ನೆರಡು ಜಾಗದಲ್ಲಿ ನಿಂತು, ಯಾವ ದಿಕ್ಕಿಗೆ ಎಷ್ಟು ಡಿಗ್ರಿ ಅಂತ ಬರೆದಿಟ್ಟು ಫೋಟೋ ತೆಗೆದಿದ್ದಾರೆ. ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಾನೂ ತೆಗೆಯಬೇಕು.

ಕಾಡಿನ ನಡುವೆ ಎದೆಯೆತ್ತರದ ಹೆಮ್ಲಾಕ್ ಸಸಿಗಳ ಮಧ್ಯೆ ಕಲ್ಲಿನ ಪಾಗಾರ ಹಾದು ಹೋಗುತ್ತದೆ. ಯಾವ ಮನೆಗೂ ಸೇರದ ಪಾಗಾರ. ಎರಡು ಶತಮಾನದ ಹಿಂದೆ ಇದೆಲ್ಲ ಕುರಿ ಮೇಯುವ ಬೋಳು ಗುಡ್ಡ. ಉಣ್ಣೆಯ ಬೆಲೆ ಬಿತ್ತು, ಜನ ಪಶ್ಚಿಮಕ್ಕೆ ಹೋದರು, ಕಾಡು ವಾಪಸ್ ಬಂತು. ಈಗ ಈ ರಾಜ್ಯದ ಮುಕ್ಕಾಲು ಭಾಗ ಕಾಡು. ನಾವು ಕಾಯುತ್ತಿರುವ ‘ಹಳೇ ಕಾಡು’ ನಿಜಕ್ಕೂ ಹಳೆಯದೇನಲ್ಲ. ಪ್ರತಿ ಸಲ ಆ ಪಾಗಾರ ದಾಟುವಾಗ ನಗು ಬರುತ್ತದೆ.

ಏಳನೇ ಫೋಟೋದ ಜಾಗ ಮೇಲಿನ ಹುಲ್ಲುಗಾವಲಿನ ತುದಿ. 1994ರ ಫೋಟೋದಲ್ಲಿ ಹುಲ್ಲಿನ ಉಂಡೆಗಳ ಪಕ್ಕ ಒಂದು ನಾಯಿ, ಅರ್ಧ ಕತ್ತರಿಸಿ ಹೋದ ಅಜ್ಜನ ತೋಳು. ಫೋಟೋ ಎದುರಿಗೆ ಹಿಡಿದುಕೊಂಡು ತಲೆ ಎತ್ತಿದೆ. ನಾಲ್ಕು ಗೂಟ ಕಂಡವು. ಹೊಸಾ ಮರದ ಗೂಟ, ತುದಿಗೆ ಗುಲಾಬಿ ರಿಬ್ಬನ್ನು. ಸರಿಯಾಗಿ ಮನೆಯ ಅಳತೆ. ಅಲ್ಲಿ ನಿಂತರೆ ದೂರದ ಕೆರೆ, ಅದರಾಚೆ ಗುಡ್ಡದ ಸಾಲು ಕಾಣುತ್ತದೆ. ನಾನಾಗಿದ್ದರೂ ಗೂಟ ಅಲ್ಲೇ ಹೊಡೆಯುತ್ತಿದ್ದೆ.

ಪತ್ರದಲ್ಲಿ ಒಂದು ಮನೆಗೆ ಅವಕಾಶ ಇಟ್ಟುಕೊಂಡಿದ್ದರು ಅಜ್ಜ. ಎರಡು ಎಕರೆ, ಕೆಳಗೆ ರಸ್ತೆ ಬದಿಯಲ್ಲಿ, ನಕ್ಷೆಯಲ್ಲಿ ಗುರುತು ಮಾಡಿದ ಜಾಗ. ಮೇಲಿನ ಹುಲ್ಲುಗಾವಲಲ್ಲಿ ಏನೂ ಕಟ್ಟುವಂತಿಲ್ಲ. ಒಳ್ಳೆಯ ಮಣ್ಣು ಇರುವುದೇ ಅಲ್ಲಿ. ಅದನ್ನು ಉಳಿಸಲೆಂದೇ ದುಡ್ಡು ಕೊಟ್ಟಿದ್ದು.

ಇಳಿದು ಬಂದಾಗ ಅಡುಗೆಮನೆಯಲ್ಲಿ ಮೊಮ್ಮಗಳೂ ಇದ್ದಳು. ಹಸು 2018ರಲ್ಲೇ ಮಾರಿ ಆಗಿತ್ತು. ಹಾಲಿನ ಬೆಲೆ ಗಿಟ್ಟಲಿಲ್ಲ. ಈಗ ಮೇಪಲ್ ಕೆಲಸವೆಲ್ಲ ಅವಳದ್ದೇ.

‘ನೋಡಿದೆಯಾ?’ ಅಂದರು ಅಜ್ಜ.

‘ನೋಡಿದೆ.’

‘ಮಂಡಿ ನೋವಿಗೆ ಬರಲಿಲ್ಲ ಅಂದುಕೊಂಡೆಯಾ?’

ನಾನು ಪತ್ರ ತೆಗೆದು ನಕ್ಷೆ ತೋರಿಸಿದೆ. ಕೆಳಗೆ ಅವರ ಸಹಿ, ಪಕ್ಕದಲ್ಲಿ ತೀರಿಹೋದ ಹೆಂಡತಿಯ ಸಹಿ. ಅದರ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ‘ಆಗ ನನಗೆ ಮೊಮ್ಮಗಳು ಇರಲಿಲ್ಲ’ ಅಂದರು.

‘ನಾನು ಸಹಿ ಹಾಕಿಲ್ಲ’ ಅಂದಳು ಅವಳು. ಗಲಾಟೆ ಏನೂ ಮಾಡಲಿಲ್ಲ. ಮಾಡಿದ್ದರೆ ಸುಲಭವಿತ್ತು. ರಸ್ತೆ ಬದಿಯ ಜಾಗದಲ್ಲಿ ಎರಡು ಅಡಿ ಅಗೆದರೆ ಬಂಡೆ, ಸೆಪ್ಟಿಕ್‌ಗೆ ಪರವಾನಗಿ ಸಿಗುವುದು ಕಷ್ಟ ಅಂದಳು. ಪೇಟೆಯಲ್ಲಿ ಬಾಡಿಗೆ ಮನೆ ಸಿಗುತ್ತಿಲ್ಲ. ಸಿಕ್ಕಿದರೂ ರಸ ಹರಿಯುವ ಕಾಲದಲ್ಲಿ ಮಧ್ಯರಾತ್ರಿ ಒಲೆ ಕಾಯಲು ಅಲ್ಲಿಂದ ಬರಬೇಕು. ‘ಹೊಲ ಉಳಿಯಿತು. ಹೊಲ ಮಾಡುವವಳು ಎಲ್ಲಿ ಇರಬೇಕು?’

ಬಡವರ ಮನೆಗೂ ರೈತರ ಜಮೀನಿಗೂ ಒಂದೇ ಬೋರ್ಡು ಅಂದೆನಲ್ಲ, ಅದು ನೆನಪಾಗಿದ್ದು ಆಗ.

ಪತ್ರ ತಿದ್ದುವುದಕ್ಕೆ ದಾರಿ ಇದೆ, ಆದರೆ ಕಿರಿದು. ಜಮೀನಿನ ರಕ್ಷಣೆ ಒಂದು ಕೂದಲಷ್ಟೂ ಕಮ್ಮಿಯಾಗಬಾರದು. ಮಾಲೀಕರಿಗೆ ಸುಮ್ನೆ ಲಾಭ ಮಾಡಿಕೊಟ್ಟ ಹಾಗೆ ಆಗಬಾರದು. ದುಡ್ಡು ಕೊಟ್ಟ ಬೋರ್ಡೂ ಒಪ್ಪಬೇಕು. ಮೇಲಿನ ಹುಲ್ಲುಗಾವಲು ಆಗುವುದೇ ಇಲ್ಲ ಅಂತ ಅಲ್ಲೇ ಹೇಳಿಬಿಟ್ಟೆ. ನೋಡೋಣ, ಕೇಳೋಣ ಅಂತ ಎಳೆದು ಆಮೇಲೆ ಇಲ್ಲ ಅನ್ನುವುದು ಇನ್ನೂ ಕೆಟ್ಟದ್ದು. ಮೊದಲ ವರ್ಷ ಇನ್ನೊಂದು ಕಡೆ ಹಾಗೆ ಮಾಡಿ ಬೈಸಿಕೊಂಡಿದ್ದೇನೆ. ಕೊಟ್ಟಿಗೆಯ ಹಿಂದೆ ಬಿದ್ದುಹೋದ ಹಳೇ ಕಟ್ಟಡದ ಪಾಯ ಇದೆಯಲ್ಲ, ಮನೆಯ ಜಾಗವನ್ನು ಅಲ್ಲಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಬಹುದು ಅಂದೆ. ಅಲ್ಲಿ ಹೇಗೂ ಹುಲ್ಲು ಬೆಳೆಯುವುದಿಲ್ಲ. ನೆಲ ಕರಗಿದ ಮೇಲೆ ಗುಂಡಿ ತೋಡಿ ಮಣ್ಣು ನೋಡಬೇಕು.

‘ಅಲ್ಲಿಂದ ಕೆರೆ ಕಾಣುವುದಿಲ್ಲ’ ಅಂದಳು.

‘ಕಾಣುವುದಿಲ್ಲ’ ಅಂದೆ.

ರಾತ್ರಿ ಒಂಬತ್ತಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಏಳೂವರೆ. ಅಡಕೆ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆ ಅಂದವನು ಬಂದಿಲ್ಲ ಅಂತ ಅಪ್ಪ ಸಿಟ್ಟಲ್ಲಿದ್ದ. ನನ್ನ ಕಥೆ ಕೇಳಿ ಆ ಸಿಟ್ಟು ನನ್ನ ಕಡೆ ತಿರುಗಿತು. ‘ಅವರ ಜಾಗದಲ್ಲಿ ಅವರ ಮೊಮ್ಮಗಳು ಮನೆ ಕಟ್ಟಬಾರದು ಅಂತ ಹೇಳಲು ನಿಂಗೆ ಸಂಬಳವಾ ಕೂಸೇ?’

‘ನಮ್ಮ ಬೆಟ್ಟದಲ್ಲಿ ನೀನು ಮನೆ ಕಟ್ಟುತ್ತೀಯಾ?’ ಅಂದೆ.

ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಉತ್ತರ ಕನ್ನಡದಲ್ಲಿ ಅಡಕೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನಬೆಟ್ಟ ಅಂತ ಕಾಡು ಬಿಟ್ಟಿರುತ್ತಾರೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ. ನೆಲ ಸರ್ಕಾರದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ) ತೋಟದವನದ್ದು. ಇಲ್ಲಿಯದಕ್ಕೆ ಸರಿಯಾಗಿ ತಿರುಗುಮುರುಗು. ಇಲ್ಲಿ ನೆಲ ರೈತನದ್ದು, ಕೆಲವು ಹಕ್ಕು ಬೇರೆಯವರದ್ದು.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಮ್ಮ ಬೆಟ್ಟ, ಆಚೆಮನೆಯವರ ಬೆಟ್ಟ ಎರಡಕ್ಕೂ ಕಾನೂನು ಒಂದೇ. ಅವರದ್ದು ಬೋಳಾಗಿ ಕೂತಿದೆ. ನಮ್ಮದರಲ್ಲಿ ನಿನ್ನ ಅಜ್ಜಿ ದಿನಾ ಒಂದು ಸುತ್ತು ಹೋಗುತ್ತಿದ್ದಳು’ ಅಂದ. ‘ಅವಳಿಗೆ ಸಂಬಳ ಇರಲಿಲ್ಲ’ ಅಂತ ಸೇರಿಸಿದ. ಬಿಡುವವನಲ್ಲ.

‘ನಿಮ್ಮದರಲ್ಲಿ ಮೋಸ ಇಲ್ಲವಾ?’ ಅಂತಲೂ ಕೇಳಿದ. ಇದೆ ಅಂದೆ. ದುಡ್ಡಿದ್ದವರು ಗುಂಪು ಕಟ್ಟಿಕೊಂಡು ಜಮೀನು ಕೊಂಡು, ಬೆಲೆ ಏರಿಸಿ ತೋರಿಸಿ, ಈಸ್‌ಮೆಂಟ್ ದಾನ ಕೊಟ್ಟ ಹಾಗೆ ಮಾಡಿ ತೆರಿಗೆ ಉಳಿಸುತ್ತಿದ್ದರು. 2022ರ ಕೊನೆಯಲ್ಲಿ ಕಾನೂನು ತಂದು ಅದಕ್ಕೆ ಕಡಿವಾಣ ಹಾಕಿದರು. ‘ಹಾಗಾದರೆ ನಮ್ಮ ಹಾಗೆಯೇ’ ಅಂತ ಅಪ್ಪನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಕೊನೆಗೌಡ ಬಂದ, ಫೋನ್ ಇಟ್ಟ.

ನಾನು ವರದಿ ಬರೆಯಲು ಕೂತೆ. ಏಳನೇ ಫೋಟೋ: ನಾಲ್ಕು ಗೂಟ, ಗುಲಾಬಿ ರಿಬ್ಬನ್. ಮಣ್ಣು ಅಗೆದಿಲ್ಲ, ಏನೂ ಕಟ್ಟಿಲ್ಲ. ಉಲ್ಲಂಘನೆ: ಇಲ್ಲ. ಮೊಮ್ಮಗಳ ಪ್ರಶ್ನೆ ಬರೆಯಲು ಫಾರಂನಲ್ಲಿ ಜಾಗವೇ ಇರಲಿಲ್ಲ. ‘ಇತರೆ’ ಅನ್ನುವ ಕಡೆ ಅವಳ ಮಾತನ್ನು ಹಾಗೇ ಬರೆದೆ. ಅದರ ಕೆಳಗೆ, ಮೇ ತಿಂಗಳಲ್ಲಿ ಮಣ್ಣು ನೋಡಲು ಮತ್ತೆ ಹೋಗಬೇಕು ಅಂತ ಬರೆದೆ. ಜೋನಿಬೆಲ್ಲದ ಬಾಟಲಿ ಒಯ್ಯಬೇಕು ಅನ್ನುವುದನ್ನು ಮಾತ್ರ ನನ್ನ ಡೈರಿಯಲ್ಲಿ ಬರೆದುಕೊಂಡೆ.