ಐಲ್ಯಾಂಡ್ ಕಟ್ಟೆಯ ಮೇಲೆ ಎಷ್ಟು ದೊಡ್ಡ ದೀಪ?

"ಅಕ್ಕ, ಐಲ್ಯಾಂಡ್ ಮೇಲೆ ಎರಡು ಪಾಯಿಂಟ್ ಬಿಡ್ಲಾ, ಮೂರು ಬಿಡ್ಲಾ? ಸೋಮವಾರ ಸೀಲಿಂಗ್ ಬೋರ್ಡ್ ಮುಚ್ತಾರೆ."

ಶನಿವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಐಲ್ಯಾಂಡ್ ಅಂದರೆ ಅಡುಗೆಮನೆಯ ನಡುವಿನ ಬಿಡಿ ಕಟ್ಟೆ, ಪಾಯಿಂಟ್ ಅಂದರೆ ದೀಪ ತೂಗುಹಾಕುವುದಕ್ಕೆ ವೈರ್ ಬಿಡುವ ಜಾಗ. ಕೆಂಗೇರಿಯಲ್ಲಿ ನಮ್ಮ ಮನೆಯ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ಫಾಲ್ಸ್ ಸೀಲಿಂಗ್‌ಗೆ ಜಿಐ ಚಾನೆಲ್ (ಬೋರ್ಡ್ ಹಿಡಿಯುವ ಕಬ್ಬಿಣದ ಪಟ್ಟಿ) ಹೊಡೆದಾಗಿತ್ತು, ಬೋರ್ಡ್ ಇನ್ನೂ ಕೂರಿಸಿರಲಿಲ್ಲ. ಬೋರ್ಡ್ ಮುಚ್ಚಿದ ಮೇಲೆ ಪಾಯಿಂಟ್ ಅರ್ಧ ಅಡಿ ಆಚೀಚೆ ಮಾಡಬೇಕೆಂದರೂ ಮತ್ತೆ ಕೊರೆಯಬೇಕು, ಪುಟ್ಟಿ ಹಚ್ಚಬೇಕು, ಪೇಂಟ್ ಹೊಡೆಸಬೇಕು. ಅಂದರೆ ಎಷ್ಟು ದೀಪ, ಎಷ್ಟು ದೊಡ್ಡದು ಅನ್ನುವುದು ಎರಡು ದಿನದಲ್ಲಿ ತೀರ್ಮಾನ ಆಗಬೇಕಿತ್ತು.

ನಮ್ಮ ಅಡುಗೆಮನೆಯ ಮಧ್ಯದಲ್ಲಿ ಒಂದು ಕಟ್ಟೆ ಇದೆ. ಏಳು ಅಡಿ ಉದ್ದ, ಮೂರು ಅಡಿ ಅಗಲ, 34 ಇಂಚು ಎತ್ತರ. ಕೆಳಗೆ ಇಟ್ಟಿಗೆ ಗೋಡೆ, ನಡುವೆ ಕಡಪ ಕಲ್ಲಿನ ಚಪ್ಪಡಿ, ಮೇಲೆ ಕರಿ ಗ್ರಾನೈಟ್. ಒಲೆ ಹಿಂದಿನ ಗೋಡೆಗಿದೆ, ಚಿಮಣಿಯೂ ಅಲ್ಲೇ. ಈ ಕಟ್ಟೆ ತರಕಾರಿ ಹೆಚ್ಚುವುದಕ್ಕೆ, ಸೊಪ್ಪು ಸೋಸುವುದಕ್ಕೆ, ಚಪಾತಿ ಲಟ್ಟಿಸುವುದಕ್ಕೆ. ಒಂದು ಬದಿಯಲ್ಲಿ ಮೂರು ಸ್ಟೂಲ್ ಹಾಕಿಕೊಂಡು ಬೆಳಗಿನ ತಿಂಡಿಯೂ ಅಲ್ಲೇ. ದಿನದಲ್ಲಿ ಅತಿ ಹೆಚ್ಚು ಹೊತ್ತು ನಾವು ನಿಲ್ಲುವ ಜಾಗ ಅದು. ಅದಕ್ಕೇ ಅಲ್ಲಿನ ಬೆಳಕಿನ ವಿಷಯದಲ್ಲಿ "ಯಾವುದೋ ಒಂದು ಹಾಕಿಬಿಡಿ" ಅಂತ ಬಿಡುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಅವತ್ತೇ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋದೆ. ಬೆಂಗಳೂರಲ್ಲಿ ಮನೆ ಕಟ್ಟಿದವರಿಗೆ ಆ ರಸ್ತೆ ಗೊತ್ತೇ ಇರುತ್ತದೆ. ಸ್ವಿಚ್ಚು, ವೈರು, ಫ್ಯಾನು, ದೀಪ, ಎಲ್ಲಾ ಒಂದರ ಪಕ್ಕ ಒಂದು. ಒಂದು ದೊಡ್ಡ ಅಂಗಡಿಯ ಮಹಡಿಯಲ್ಲಿ ತಲೆ ಎತ್ತಿದ ಕಡೆಯೆಲ್ಲ ಹ್ಯಾಂಗಿಂಗ್ ಲೈಟುಗಳು. ನಾನು ಐಲ್ಯಾಂಡ್ ಅಂದ ಕೂಡಲೇ ಅಲ್ಲಿನ ಹುಡುಗ ಮೂರರ ಸೆಟ್ ತೋರಿಸಿದ. ಎಂಟು ಇಂಚಿನ ಗಾಜಿನ ಗುಂಡುಗಳು, ಚಿನ್ನದ ಬಣ್ಣದ ಕೊಂಡಿ. "ಎಲ್ಲಾರೂ ಇದನ್ನೇ ತಗೊಳ್ತಾರೆ ಮೇಡಂ, ಐಲ್ಯಾಂಡ್ ಅಂದ್ರೆ ಮೂರೇ."

ಗುಂಡುಗಳು ಚೆನ್ನಾಗೇ ಇದ್ದವು. ಆದರೆ ಅಂಗಡಿಯಲ್ಲಿ ನಿಂತು ಅಳತೆ ಹೇಳುವುದು ಎಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಯಿತು. ಛಾವಣಿ ಮನೆಯದಕ್ಕಿಂತ ತುಂಬ ಎತ್ತರ. ಅಕ್ಕಪಕ್ಕದಲ್ಲಿ ಹೋಟೆಲ್ ಲಾಬಿಗೆ ಹಾಕುವಂಥ ದೊಡ್ಡ ದೊಡ್ಡ ಶಾಂಡೆಲಿಯರ್‌ಗಳು. ಅವುಗಳ ನಡುವೆ 14 ಇಂಚಿನ ಶೇಡ್ ಕೂಡ ಪುಟ್ಟದಾಗಿ ಕಾಣುತ್ತಿತ್ತು. ಟೇಪ್ ಹಿಡಿದು ಅಳೆದಾಗಲೇ ಅದು 14 ಅಂತ ನಂಬಿದ್ದು. ಅಂಗಡಿಯಲ್ಲಿ ಸರಿ ಅನ್ನಿಸಿದ ಗಾತ್ರ ಮನೆಯಲ್ಲಿ ದೊಡ್ಡದಾಗಿ ಕಾಣುತ್ತದೆ, ಮನೆಗೆ ಸರಿಯಾದದ್ದು ಅಂಗಡಿಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಅವತ್ತು ಏನೂ ಕೊಳ್ಳಲಿಲ್ಲ. ಇಷ್ಟವಾದ ನಾಲ್ಕೈದು ಶೇಡ್‌ಗಳ ಅಗಲ, ಆಳ, ವೈರಿನ ಉದ್ದ ಎಲ್ಲ ಬರೆದುಕೊಂಡು ಬಂದೆ.

ಲೆಕ್ಕದ ಸೂತ್ರಗಳು ಇವೆ. ನಮ್ಮ ಆರ್ಕಿಟೆಕ್ಟ್ ಹೇಳಿದ್ದು ಇಷ್ಟು. ಕಟ್ಟೆಯ ಅಗಲದಲ್ಲಿ 12 ಇಂಚು ಕಳೆಯಿರಿ, ದೀಪ ಅದಕ್ಕಿಂತ ಅಗಲ ಇರಬಾರದು. ಎರಡು ದೀಪಗಳ ನಡುವೆ ಎರಡು ಅಡಿಯಿಂದ ಎರಡೂವರೆ ಅಡಿ ಬಿಡಿ. ಕಟ್ಟೆಯಿಂದ ದೀಪದ ಅಂಚಿಗೆ 30ರಿಂದ 36 ಇಂಚು ಇರಲಿ. ಅದು ಎಂಟಡಿ ಛಾವಣಿಯ ಲೆಕ್ಕ, ಛಾವಣಿ ಒಂದು ಅಡಿ ಏರಿದರೆ ಮೂರು ಇಂಚು ಏರಿಸಿ.

ನಮ್ಮ ಕಟ್ಟೆ 36 ಇಂಚು ಅಗಲ. 12 ಕಳೆದರೆ 24. ಅಂದರೆ ಎರಡು ಅಡಿ ಅಗಲದ ದೀಪವನ್ನೂ ಹಾಕಬಹುದು ಅಂತ ಸೂತ್ರ ಹೇಳುತ್ತದೆ. ಹತ್ತು ಇಂಚೂ ಸರಿ, 24ಕ್ಕೂ ಅಡ್ಡಿಯಿಲ್ಲ ಅನ್ನುವ ಸೂತ್ರದಿಂದ ತೀರ್ಮಾನ ಹೇಗೆ ಮಾಡುವುದು, ಅಲ್ವಾ? ಅದು ಮಿತಿ ಹೇಳುತ್ತದೆ ಅಷ್ಟೇ. ಮಿಕ್ಕದ್ದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಭಾನುವಾರ ಸಂಜೆ ನಾನು, ನಮ್ಮವರು, ಅತ್ತೆ ಮೂವರೂ ಹೊಸ ಮನೆಗೆ ಹೋದೆವು. ಹೋಗುವಾಗ ಹಳೇ ಮನೆಯಿಂದ ಹಿಟ್ಟಿನ ಜರಡಿ, ಒಂದು ಬಿದಿರಿನ ಬುಟ್ಟಿ, ಹಬ್ಬಕ್ಕೆ ತೆಗೆಯುವ ದೊಡ್ಡ ಹರಿವಾಣ, ಒಂದು ಉಂಡೆ ಸುತಳಿ ತೆಗೆದುಕೊಂಡೆ. ಜರಡಿ ಹತ್ತು ಇಂಚು. ಬುಟ್ಟಿ 14 ಇಂಚು ಅಗಲ, ಒಂಬತ್ತು ಇಂಚು ಆಳ. ಹರಿವಾಣ 18 ಇಂಚು. ಚಾನೆಲ್ ತೆರೆದೇ ಇದ್ದದ್ದರಿಂದ ಎಲ್ಲಿ ಬೇಕಾದರೂ ಸುತಳಿ ಕಟ್ಟಬಹುದಿತ್ತು. ಎಲೆಕ್ಟ್ರಿಷಿಯನ್ ಕೂಡ ಪಾಪ ಭಾನುವಾರ ಅಂತ ನೋಡದೆ ಬಂದಿದ್ದ.

ಮೊದಲು ಹರಿವಾಣ ಕಟ್ಟಿದೆವು. ಕಟ್ಟೆಯ ಅಂಚಿಗೂ ಅದಕ್ಕೂ ಒಂಬತ್ತೇ ಇಂಚು. ನಮ್ಮವರು ಐದಡಿ ಹನ್ನೊಂದು ಇಂಚು ಎತ್ತರ. ಎದುರಿಗಿದ್ದ ನೀರಿನ ಬಾಟಲ್ ತೆಗೆದುಕೊಳ್ಳುವುದಕ್ಕೆ ಸುಮ್ನೆ ಸ್ವಲ್ಪ ಮುಂದಕ್ಕೆ ಬಾಗಿದರು, ಹಣೆಗೂ ಹರಿವಾಣಕ್ಕೂ ನಾಲ್ಕು ಬೆರಳು ಜಾಗ. 12 ಇಂಚು ಕಳೆಯಬೇಕು ಅನ್ನುವ ಸೂತ್ರ ಯಾಕೆ ಹುಟ್ಟಿತು ಅಂತ ಆಗ ಅರ್ಥವಾಯಿತು. ಕಟ್ಟೆಯ ಮುಂದೆ ನಿಂತವರು ಬಾಗಿಯೇ ಕೆಲಸ ಮಾಡುತ್ತಾರೆ. ತಲೆ ಕಟ್ಟೆಯ ಮೇಲಕ್ಕೆ ಬರುತ್ತದೆ. ದೀಪ ಅಗಲವಾದಷ್ಟೂ ತಲೆಗೆ ಹತ್ತಿರ.

ಆಮೇಲೆ ಜರಡಿ. ಮೂರು ದೀಪದ ಲೆಕ್ಕಕ್ಕೆ 84 ಇಂಚಿನ ಉದ್ದವನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿನ ನಟ್ಟನಡುವೆ ಗುರುತು ಹಾಕಿದೆವು. ಹೀಗೆ ಪಾಲು ಮಾಡುವುದೇ ಸುಲಭದ ದಾರಿ. ಎಷ್ಟು ದೀಪವೋ ಅಷ್ಟು ಪಾಲು, ಪ್ರತಿ ಪಾಲಿನ ಮಧ್ಯಕ್ಕೆ ಒಂದು ದೀಪ. ನಮ್ಮಲ್ಲಿ 14, 42, 70 ಇಂಚಿನ ಗುರುತುಗಳು ಬಂದವು. ಒಂದರಲ್ಲಿ ಜರಡಿ, ಇನ್ನೆರಡರಲ್ಲಿ ಅದೇ ಅಗಲಕ್ಕೆ ಕತ್ತರಿಸಿದ ರಟ್ಟು. ಬಾಗಿಲಲ್ಲಿ ನಿಂತು ನೋಡಿದರೆ ಚೆನ್ನಾಗಿತ್ತು. ಆದರೆ ಹಾಲ್‌ನಿಂದ ಅಡುಗೆಮನೆಯ ಕಿಟಕಿ ಕಾಣುವ ದಾರಿಯಲ್ಲಿ ಮೂರು ಸುತಳಿ, ಮೂರು ತಟ್ಟೆ. ಅತ್ತೆ ನೋಡಿದವರೇ, "ಏನಮ್ಮ ಇದು, ಮದುವೆ ಚಪ್ಪರದ ಹಾಗಿದೆ. ಕಿಟಕಿ ಎಲ್ಲಿ ಹೋಯ್ತು?" ಅಂದರು. ಆ ಕಿಟಕಿಯಾಚೆ ಪಕ್ಕದ ಸೈಟಿನ ಹೊಂಗೆ ಮರ ಇದೆ. ಅದು ಕಾಣಲಿ ಅಂತಲೇ ನಡುವಿನ ಗೋಡೆ ತೆಗೆಸಿದ್ದು. ಅವರು ಹೇಳಿದ್ದು ನಿಜ.

ಮೂರು ಬಿಟ್ಟು ಎರಡಕ್ಕೆ ಬಂದೆವು. 84ರಲ್ಲಿ ಎರಡು ಪಾಲು, ಗುರುತು 21 ಮತ್ತು 63ಕ್ಕೆ. ಒಂದು ಕಡೆ ಬುಟ್ಟಿಯನ್ನು ಬೋರಲು ಹಾಕಿ ಕಟ್ಟಿದರೆ ಥೇಟ್ ಅಂಗಡಿಯ ಶೇಡ್. ಇನ್ನೊಂದು ಕಡೆ ಅದೇ ಅಳತೆಗೆ ರಟ್ಟು ಸುತ್ತಿದೆವು. ಎರಡರ ಅಂಚುಗಳ ನಡುವೆ 28 ಇಂಚು ಖಾಲಿ, ಕಟ್ಟೆಯ ಎರಡೂ ತುದಿಗೆ 14 ಇಂಚು. ನಡುವಿನ ಜಾಗದಲ್ಲಿ ಕಿಟಕಿ ಪೂರ್ತಿ ಕಂಡಿತು. ಕಟ್ಟೆಯ ಮುಂದಿನ ಅಂಚಿಗೂ ಶೇಡ್‌ಗೂ 11 ಇಂಚು, ಹಾಗಾಗಿ ಬಾಗಿದಾಗ ತಲೆಗೂ ಇನ್ನಷ್ಟು ಜಾಗ. ಇದೇ ಎರಡನ್ನು ಹತ್ತು ಇಂಚಿನದು ಮಾಡಿ ನೋಡಿದರೆ ಕಟ್ಟೆ ಬರೀ ಬೋಳು ಅನ್ನಿಸಿತು. ಕೆಳಗೆ ಏಳಡಿ ಕರಿ ಕಲ್ಲು ಅಷ್ಟು ಭಾರವಾಗಿ ಕೂತಿರುವಾಗ ಮೇಲಿರುವುದಕ್ಕೂ ಸ್ವಲ್ಪ ತೂಕ ಬೇಕು.

ಕತ್ತಲಾಗುವ ತನಕ ಕಾದದ್ದು ಒಳ್ಳೆಯದೇ ಆಯಿತು. ಹಗಲಲ್ಲಿ ಗಾತ್ರ ಮಾತ್ರ ಕಾಣುತ್ತದೆ, ಬೆಳಕು ಕಾಣುವುದಿಲ್ಲ. ಎಲೆಕ್ಟ್ರಿಷಿಯನ್ ಒಂದು ಪಿನ್ ಹೋಲ್ಡರ್‌ಗೆ ಉದ್ದ ವೈರ್ ಎಳೆದು ಒಂಬತ್ತು ವ್ಯಾಟ್‌ನ ಎಲ್‌ಇಡಿ ಬಲ್ಬ್ ಸಿಕ್ಕಿಸಿ ಬುಟ್ಟಿಯೊಳಗೆ ಇಳಿಬಿಟ್ಟ. ಬಿದಿರಿನ ಸಂದಿಯಿಂದ ಬೆಳಕು ಸೋರದ ಹಾಗೆ ಸುತ್ತ ನ್ಯೂಸ್‌ಪೇಪರ್ ಸುತ್ತಿದೆವು. ಅಷ್ಟು ಮಾಡಿ ಸ್ಟೂಲ್ ಮೇಲೆ ಕೂತರೆ ಬಲ್ಬ್ ನೇರ ಕಣ್ಣಿಗೆ ಹೊಡೆಯಿತು! ನಿಂತಾಗ ಏನೂ ತೊಂದರೆ ಇರಲಿಲ್ಲ. ಕೂತಾಗ ಕಣ್ಣು ನೆಲದಿಂದ ನಾಲ್ಕೂಕಾಲು, ನಾಲ್ಕೂವರೆ ಅಡಿಗೆ ಬರುತ್ತದೆ, ನೋಟ ಕೆಳಗಿನಿಂದ ಶೇಡ್‌ನ ಒಳಕ್ಕೇ ಹೋಗುತ್ತದೆ. ಸಾಲದ್ದಕ್ಕೆ ನುಣ್ಣಗೆ ಪಾಲಿಶ್ ಮಾಡಿದ ಕರಿ ಗ್ರಾನೈಟ್‌ನಲ್ಲಿ ಅದೇ ಬಲ್ಬ್ ಇನ್ನೊಂದು ಸಲ ಉರಿಯುತ್ತಿತ್ತು. ಮೇಲೂ ಕಣ್ಣು ಕುಕ್ಕು, ಕೆಳಗೂ ಕಣ್ಣು ಕುಕ್ಕು.

ಹೋಲ್ಡರ್ ಮೇಲಕ್ಕೆಳೆಯುತ್ತಾ ಹೋದೆವು. ಬಲ್ಬ್‌ನ ತುದಿ ಶೇಡ್‌ನ ಅಂಚಿಗಿಂತ ನಾಲ್ಕು ಇಂಚು ಒಳಗೆ ಹೋದ ಮೇಲೆ ಸ್ಟೂಲ್‌ನಲ್ಲಿ ಕೂತವರಿಗೆ ಬಲ್ಬ್ ಕಾಣಲಿಲ್ಲ. ಅಗಲ ಎಷ್ಟು ಅನ್ನುವುದರ ಜೊತೆಗೆ ಆಳ ಎಷ್ಟು ಅನ್ನುವುದೂ ಮುಖ್ಯ, ನನ್ನ ಪ್ರಕಾರ ಅಗಲಕ್ಕಿಂತ ಜಾಸ್ತಿ ಮುಖ್ಯ. ಅಗಲ ಹೆಚ್ಚಿ ಆಳ ಕಡಿಮೆಯಾದರೆ ಬಲ್ಬ್ ಮುಚ್ಚಿಕೊಳ್ಳುವುದೇ ಇಲ್ಲ. ಡೆನ್ಮಾರ್ಕಿನ ದೀಪ ವಿನ್ಯಾಸಕ ಪೌಲ್ ಹೆನಿಂಗ್ಸೆನ್ ಬಹುಪಾಲು ಬದುಕನ್ನು ಇದೇ ಚಿಂತೆಯಲ್ಲಿ ಕಳೆದವರು. ಅವರು 1958ರಲ್ಲಿ ಮಾಡಿದ ಪಿಎಚ್ 5 ದೀಪ 50 ಸೆಂಟಿಮೀಟರ್ ಅಗಲ, ಹೆಸರಿನ 5 ಬಂದದ್ದೂ ಆ ಅಳತೆಯಿಂದಲೇ. ಪದರ ಪದರವಾಗಿ ಶೇಡ್ ಜೋಡಿಸಿ, ಬಲ್ಬ್ ಕಣ್ಣಿಗೆ ಬೀಳದೆ ಬೆಳಕು ಮಾತ್ರ ಮೇಜಿನ ಮೇಲೆ ಬೀಳುವ ಹಾಗೆ ಮಾಡಿದ್ದರು. ಅಷ್ಟು ಅಗಲದ್ದು ನಮ್ಮ ಕಟ್ಟೆಗೆ ಹೊಂದುವುದಿಲ್ಲ. ಎರಡು ಹಾಕಿದರೆ ಹರಿವಾಣದ ಕಥೆಯೇ, ಮಧ್ಯಕ್ಕೆ ಒಂದೇ ಹಾಕಿದರೆ ಎರಡೂ ತುದಿ ಕತ್ತಲು. ಆದರೆ ಅದರ ಹಿಂದಿನ ಯೋಚನೆ ಎಷ್ಟು ಸರಿ ಅಂತ ಆ ಸಂಜೆ ಬುಟ್ಟಿಯ ಕೆಳಗೆ ಕೂತು ಮನಸ್ಸಿಗೆ ನಾಟಿತು.

ಎತ್ತರದ ವಿಷಯದಲ್ಲಿ ಸ್ವಲ್ಪ ಎಳೆದಾಟ ಆಯಿತು. ನಮ್ಮ ಸೀಲಿಂಗ್ ಒಂಬತ್ತೂವರೆ ಅಡಿ. ಸೂತ್ರದ ಪ್ರಕಾರ ಕಟ್ಟೆಯಿಂದ ಸುಮಾರು 34ರಿಂದ 40 ಇಂಚು. ಅತ್ತೆ ಐದಡಿಗಿಂತ ಕಡಿಮೆ, ಅವರಿಗೆ ಇನ್ನೂ ಕೆಳಗಿದ್ದರೆ ಬೆಳಕು ಚೆನ್ನ. ನಮ್ಮವರಿಗೆ ಕೆಳಗಿಳಿದಷ್ಟೂ ಎದುರು ನಿಂತವರ ಮುಖ ಮರೆಯಾಗುತ್ತಿತ್ತು. "ರೀ, ನೀವು ಅಲ್ಲೇ ನಿಂತಿರಿ" ಅಂತ ಹೇಳಿ ಸುತಳಿ ಇಂಚಿಂಚೇ ಮೇಲಕ್ಕೆಳೆದೆ. ಶೇಡ್‌ನ ಅಂಚು ಅವರ ಕಣ್ಣಿನ ಮಟ್ಟ ದಾಟಿ ಸ್ವಲ್ಪ ಮೇಲೆ ಹೋದಾಗ ನಿಲ್ಲಿಸಿದೆ. ನೆಲದಿಂದ 70 ಇಂಚು, ಕಟ್ಟೆಯಿಂದ 36. ಅತ್ತೆ ಮಣೆ ಇಟ್ಟು ಚಪಾತಿ ಲಟ್ಟಿಸುವ ಹಾಗೆ ಕೈಯಾಡಿಸಿ ನೋಡಿದರು. "ಕೈ ನೆರಳು ಬೀಳ್ತಿಲ್ಲ ಕಣೆ, ಇದೇ ಸಾಕು." ಹಳೇ ಮನೆಯಲ್ಲಿ ಟ್ಯೂಬ್‌ಲೈಟ್ ಬೆನ್ನ ಹಿಂದೆ. ಇಷ್ಟು ವರ್ಷವೂ ಅವರು ತಮ್ಮ ನೆರಳಲ್ಲೇ ತರಕಾರಿ ಹೆಚ್ಚಿದ್ದಾರೆ. ಅದನ್ನು ನೆನೆದರೆ ನನಗೆ ಬೇಜಾರಾಗುತ್ತದೆ. ಹ್ಯಾಂಗಿಂಗ್ ಲೈಟ್ ಬರೀ ಅಂದಕ್ಕೆ ಅನ್ನುವವರಿಗೆ ನಾನು ಈ ನೆರಳಿನ ಮಾತನ್ನೇ ಹೇಳುತ್ತೇನೆ.

ಎರಡು ಪಾಯಿಂಟ್‌ಗೆ ವೈರ್ ಎಳೆದದ್ದಾಯಿತು. ದೀಪ ಕೊಂಡದ್ದು ಆಮೇಲೆ, ಅದೇ ರಸ್ತೆಯಲ್ಲಿ. 14 ಇಂಚು ಅಗಲ, ಒಂಬತ್ತು ಇಂಚು ಆಳದ ಲೋಹದ ಶೇಡ್. ಹೊರಗೆ ಕಡು ಹಸಿರು, ಒಳಗೆ ಬಿಳಿ. ಒಳಗೆ ಬಿಳಿ ಇದ್ದರೆ ಬೆಳಕು ಬಹುಪಾಲು ಕೆಳಕ್ಕೆ ಬರುತ್ತದೆ. ಕಪ್ಪೋ ತಾಮ್ರದ ಬಣ್ಣವೋ ಇದ್ದರೆ ಬೆಳಕನ್ನು ಹೆಚ್ಚು ನುಂಗುತ್ತದೆ. ಬೆತ್ತದ ಶೇಡ್ ಒಂದು ತುಂಬ ಇಷ್ಟವಾಗಿತ್ತು, ಆದರೂ ಮನಸ್ಸು ಗಟ್ಟಿ ಮಾಡಿ ಬಿಟ್ಟುಬಂದೆ. ಒಗ್ಗರಣೆಯ ಎಣ್ಣೆ ಜಿಡ್ಡು ಚಿಮಣಿಯನ್ನೂ ತಪ್ಪಿಸಿಕೊಂಡು ಬರುತ್ತದೆ. ಬೆತ್ತದ ಹೆಣಿಗೆಯಲ್ಲಿ ಕೂತ ಜಿಡ್ಡನ್ನು ತೆಗೆಯುವವರು ಯಾರು? ಲೋಹದ್ದಾದರೆ ಒದ್ದೆ ಬಟ್ಟೆ ಸಾಕು. ಒಲೆ ಐಲ್ಯಾಂಡ್ ಮೇಲೇ ಇರುವ ಮನೆಯಾಗಿದ್ದರೆ ನಾನು ದೀಪ ತೂಗುಹಾಕುತ್ತಲೇ ಇರಲಿಲ್ಲ.

ಬಲ್ಬ್ ಆರಿಸುವಾಗ ಮನಸ್ಸಿನಲ್ಲಿದ್ದದ್ದು ಅವರೆಕಾಯಿ. ನಮ್ಮನೆಯಲ್ಲಿ ಡಿಸೆಂಬರ್, ಜನವರಿ ಬಂತೆಂದರೆ ಸಂಜೆ ಎಲ್ಲರೂ ಸುತ್ತ ಕೂತು ಅವರೆ ಬಿಡಿಸುವುದು, ಹಿಸುಕುವುದು. ಅವರೆಯ ಹುಳುವೂ ಹಸಿರು, ಕಾಳೂ ಹಸಿರು. ಎಲ್ಲವನ್ನೂ ಹಳದಿ ಮಾಡುವ ಬೆಳಕಿನಲ್ಲಿ ಆ ಎರಡು ಹಸಿರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೆ 2700 ಕೆಲ್ವಿನ್‌ನ ವಾರ್ಮ್ (ಹಳದಿ ಛಾಯೆಯ ಬೆಳಕು) ಬೇಡ ಅಂದು 4000ದ ನ್ಯೂಟ್ರಲ್ ತಗೊಂಡೆ, ಸಿಆರ್‌ಐ 90ಕ್ಕಿಂತ ಹೆಚ್ಚಿನದು. ಸಿಆರ್‌ಐ ಅಂದರೆ ವಸ್ತುವಿನ ನಿಜವಾದ ಬಣ್ಣ ಎಷ್ಟರಮಟ್ಟಿಗೆ ಕಾಣುತ್ತದೆ ಅನ್ನುವ ಅಳತೆ, ನೂರು ಅಂದರೆ ಪೂರ್ತಿ. ಸಾಮಾನ್ಯವಾಗಿ ಸಿಗುವ ಎಲ್‌ಇಡಿಗಳು 80ರ ಆಸುಪಾಸು ಇರುತ್ತವೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಕೊಟ್ಟದ್ದು ದಂಡವಾಗಿಲ್ಲ. ಸೊಪ್ಪಿನಲ್ಲಿ ಹಣ್ಣೆಲೆ, ಅಕ್ಕಿಯಲ್ಲಿ ಬಿಳಿ ಕಲ್ಲು, ಎಲ್ಲಾ ಕಣ್ಣಿಗೆ ಬೀಳುತ್ತವೆ.

ಹಾಕುವ ದಿನ ಎಲೆಕ್ಟ್ರಿಷಿಯನ್‌ಗೆ ಒಂದೇ ಮಾತು ಹೇಳಿದ್ದೆ. ಮಿಕ್ಕ ವೈರ್ ಕತ್ತರಿಸಬೇಡ, ಸುರುಳಿ ಸುತ್ತಿ ಮೇಲೆ ಸೀಲಿಂಗ್‌ಗೆ ಕೂರುವ ಕಪ್ ಒಳಗೇ ಇಡು. ಮುಂದೆ ಮಗ ಅಪ್ಪನಷ್ಟು ಎತ್ತರ ಆಗಬಹುದು, ಸ್ಟೂಲ್ ಬದಲಾಗಬಹುದು, ಒಂದೆರಡು ಇಂಚು ಏರಿಸಿ ಇಳಿಸುವ ದಾರಿ ಇರಲಿ. ಅವನು ಮೂರು ಸಲ ಟೇಪ್ ಹಿಡಿದು 70 ಇಂಚು ನೋಡಿದ. ಎರಡೂ ಶೇಡ್ ಒಂದೇ ಮಟ್ಟಕ್ಕೆ ಬರಲಿ ಅಂತ ನಡುವೆ ದಾರ ಎಳೆದು ಸ್ಪಿರಿಟ್ ಲೆವೆಲ್ ಹಿಡಿದ. ಕೆಲಸದಲ್ಲಿ ಅಷ್ಟು ಶ್ರದ್ಧೆ ಇರುವವರು ಸಿಗುವುದು ನಮ್ಮ ಪುಣ್ಯ.

ಈಗ ಊಟದ ಮೇಜಿನ ಮೇಲಿನದು ಬಾಕಿ ಇದೆ. ಅಲ್ಲಿ ಲೆಕ್ಕವೇ ಬೇರೆ. ಮೇಜಿನ ಹತ್ತಿರ ಯಾರೂ ನಿಂತು ಕೆಲಸ ಮಾಡುವುದಿಲ್ಲ, ಎಲ್ಲರೂ ಕೂತೇ ಇರುತ್ತಾರೆ, ಹಾಗಾಗಿ ದೀಪ ಮೇಜಿನಿಂದ ಮೂವತ್ತು ಇಂಚಿಗೆ ಇಳಿದರೂ ನಡೆಯುತ್ತದೆ. ಆದರೆ ಪಕ್ಕದಲ್ಲೇ 1200 ಎಂಎಂನ ಫ್ಯಾನ್ ಇದೆ. ಹಗುರದ ಶೇಡ್ ಹಾಕಿದರೆ ಫ್ಯಾನ್ ಗಾಳಿಗೆ ತೂಗಾಡಿ ತಟ್ಟೆಯ ಮೇಲೆ ನೆರಳು ಕುಣಿಯುತ್ತದೆ. ವೈರ್ ಬೇಡ, ರಾಡ್ ಇರುವುದೇ ಆಗಬೇಕು ಅನ್ನಿಸುತ್ತಿದೆ. ಜರಡಿ, ಬುಟ್ಟಿ ಇನ್ನೂ ಅಡುಗೆಮನೆಯ ಅಟ್ಟದಲ್ಲೇ ಇವೆ, ಈ ಭಾನುವಾರ ಇಳಿಸಬೇಕು.